ಥಳಿ

ಗೌಳಿಗಲ್ಲಿಯ ಹನ್ನೊಂದನೆಯ ಮನೆ.
ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಎಮ್ಮೆ,
ನನ್ನ ಮೊಬೈಲಿನಲ್ಲಿ ಸರಕಾರದ ಫಾರಂ.
ಮಾಲಕರು: ಠಕ್ಕೂಬಾಯಿ ಘಾಟಗೆ.
ಎಮ್ಮೆಯ ಹೆಸರಿಗೆ ಕಾಲಂ ಇಲ್ಲ,
ಆದರೂ ಹೇಳಿದಳು: ಚಂದ್ರಿ ಅಂತ ಬರಕೋ.

ಆಮೇಲೆ ಬಂತು ಆ ಶಬ್ದ. ಬ್ರೀಡ್.
ಜನಕ್ಕೆ ತಿಳಿಯೋ ಹಂಗ ಕನ್ನಡದಾಗ ಕೇಳ್ರಿ
ಅಂದಿದ್ದರು ಟ್ರೇನಿಂಗಿನ ಸಾಹೇಬರು.
ಕೇಳಿದೆ: ಆಯೀ, ತಳಿ ಯಾವುದು?

"ಥಳಿನಾ? ಮುಂಜಾನೆ ಐದಕ್ಕ ಹೊಡದೀನಲ್ಲ,
ನೋಡು, ಅಂಗಳ ಇನ್ನೂ ಹಸಿ ಐತಿ."

ಮನೆಯಲ್ಲಿ ಅಪ್ಪನ ಹಳೆಯ ನಿಘಂಟು ಇದೆ,
ಇಲಿ ತಿಂದು ಉಳಿಸಿದ ಹಾಳೆಯಲ್ಲಿ ಈ ಶಬ್ದವೂ ಇದೆ:
ಹೆರು, ಮರಿ ಮಾಡು, ಸಾಕು, ಬೆಳೆಸು, ಹುಟ್ಟಿಸು,
ಸಂಶಯ ಹುಟ್ಟಿಸು, ಸೊಳ್ಳೆ ಹುಟ್ಟಿಸು, ಜಗಳ ಹುಟ್ಟಿಸು.
ನಾಮಪದವಾದರೆ ತಳಿ, ಕುಲ, ಜಾತಿ.
ಒಂದೇ ಚೀಲದಲ್ಲಿ ಇಷ್ಟನ್ನೂ ತುಂಬಿ
ಬಾಯಿ ಹೊಲಿದವರು ಯಾರೋ.

ಠಕ್ಕೂಬಾಯಿಯ ಲೆಕ್ಕ ಬೇರೆ.
"ಎಮ್ಮಿ ಈಯತೈತಿ. ಆಡು ಮರಿ ಹಾಕತೈತಿ.
ಕೋಳಿ ಕಾವಿಗೆ ಕೂಡತೈತಿ.
ಬಾಳಿ ಗೊನಿ ಹಾಕಿದ್ರ, ಜ್ವಾಳ ಹೊಡಿ ಹಾಯತೈತಿ.
ಹಡಿಯೂದು ನಾವಷ್ಟ."

ಹಡೆ ಅಂದರೆ ಹಿಂದೆ ಪಡೆ.
ನೋವು ತಿಂದವಳ ಖಾತೆಗೇ ಜಮಾ ಬರೆದ
ಆ ಹಳೆಯ ಕರಣಿಕ ಯಾರಿದ್ದಾನೋ, ಪುಣ್ಯಾತ್ಮ.

ಬಾಯಿ ತಪ್ಪಿ ಮತ್ತೆ ಕೇಳಿಬಿಟ್ಟೆ:
ಜಾತಿ ಯಾವುದು?

ಆಕೆಯ ಕೈ ಕಣಿಕೆಯ ಸಿವುಡಿನ ಮೇಲೆ ನಿಂತಿತು.
"ನಂದೋ, ಎಮ್ಮಿದೋ?"

ಎಮ್ಮೀದು, ಆಯೀ. ಎಮ್ಮೀದು.

"ಹಂಗಂದ್ರ ಕೇಳು. ಇದರವ್ವನ್ನ ಸಂತ್ಯಾಗ ತಂದಿದ್ದು,
ಕರಾ ಹೊಟ್ಟಿಯೊಳಗ ಇತ್ತು.
ಹಾಲು ಕೊಟ್ಟಾಕಿ ಅವ್ವ.
ಕೋಣದ ಹೆಸರು ಯಾರು ಕೇಳ್ಯಾರ?"

ಫಾರಂ ಕೇಳುತ್ತದೆ. ಧಾರವಾಡಿ, ಮುರ್ರಾ, ಸುರ್ತಿ, ಪಂಢರಪುರಿ.
ಕೋಡು ಹಿಂದಕ್ಕೆ ಬಾಗಿ ಹೆಗಲ ತನಕ ಬಂದರೆ ಧಾರವಾಡಿ
ಎಂದು ಬರೆದುಕೊಂಡಿದ್ದೇನೆ ನೋಟ್‌ಬುಕ್ಕಿನಲ್ಲಿ.
ಚಂದ್ರಿಯ ಒಂದು ಕೋಡು ಹೆಗಲಿಗೆ ಬಂದಿದೆ.
ಇನ್ನೊಂದು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ
ಕಿವಿಯ ಕಡೆ ತಿರುಗಿದೆ.

ಪಟ್ಟಿಯ ಕೊನೆಯಲ್ಲಿ ನಾನ್ ಡಿಸ್ಕ್ರಿಪ್ಟ್.
ಬಣ್ಣಿಸಲಿಕ್ಕೆ ಬಾರದ್ದು.

ಅಪ್ಪ ಬೆಟಗೇರಿಯ ಮಗ್ಗದ ಮನೆಯವನು.
ಅವ್ವ ಮೆಹರೂನ್, ಸವಣೂರಿನ ಎಲೆತೋಟದವಳು.
ಎರಡೂ ಮನೆಯವರಿಗೆ ಇಪ್ಪತ್ತೇಳು ವರ್ಷದಿಂದ
ನಮ್ಮ ವಿಳಾಸ ಸಿಕ್ಕಿಲ್ಲ.
ಓಣಿಯವರು ನನ್ನನ್ನು ಬೆರಕಿ ಅನ್ನುತ್ತಿದ್ದರು.
ನಮ್ಮ ಕಡೆ ಬೆರಕಿ ಅಂದರೆ ಚಾಲಾಕಿನವಳು,
ಹೊಗಳಿಕೆ ಅಂತಲೇ ತಿಳಿದು
ಹತ್ತು ವರ್ಷ ತುಂಬುವ ತನಕ ನಗುತ್ತಲೇ ಇದ್ದೆ.
ಶಾಲೆಯ ದಾಖಲೆಯಲ್ಲಿ ಹೆಡ್‌ಮಾಸ್ತರರು
ಆ ಒಂದು ಗೆರೆಯ ಮೇಲೆ
ಪೆನ್ನು ಝಾಡಿಸಿ, ಶಾಯಿ ಬರವಲ್ದು ಅಂದರು.

"ಯಾಕ ಸುಮ್ಮನಾದಿ? ಹಾಲು ಕುಡಿ, ಆಮ್ಯಾಲ ಬರಿ."
ಹಿತ್ತಾಳೆ ಲೋಟ, ನೊರೆ ಇನ್ನೂ ಬೆಚ್ಚಗೆ.
ಚಂದ್ರಿ ಬಾಲದಿಂದ ನನ್ನ ಕೆನ್ನೆಗೊಂದು ಬಿಟ್ಟಳು.

ಕೊನೆಯದನ್ನೇ ಒತ್ತಿದೆ. ಕೆಳಗೆ ಷರಾ ಎಂಬ ಪುಟ್ಟ ಡಬ್ಬಿ.
ಬರೆದೆ: ಒಂದು ಕೋಡು ನಿಯಮದಂತೆ ಇದೆ,
ಇನ್ನೊಂದು ಏನನ್ನೋ ಕೇಳಿಸಿಕೊಳ್ಳುತ್ತಿದೆ,
ಹೆಸರು ಚಂದ್ರಿ, ಗಬ್ಬ, ಏಳು ತಿಂಗಳು,
ಕರೆದರೆ ತಿರುಗಿ ನೋಡುತ್ತಾಳೆ.
ಅಕ್ಷರ ಹೆಚ್ಚಾದವು ಅಂತು ಫೋನು.
ಕೋಡು ತೆಗೆದೆ, ನಿಯಮ ತೆಗೆದೆ, ತಿಂಗಳು ತೆಗೆದೆ.
ಉಳಿದದ್ದು: ಚಂದ್ರಿ. ಗಬ್ಬ.
ಹಸಿರು ಟಿಕ್ಕು ಬಿತ್ತು.

ಹನ್ನೆರಡನೆಯ ಮನೆಯ ಅಂಗಳ ಒಣಗಿತ್ತು.
ಬಾಗಿಲು ತಟ್ಟಿ ಹಿಂದೆ ನೋಡಿದರೆ
ಠಕ್ಕೂಬಾಯಿಯ ಥಳಿಯ ಹಸಿ
ನನ್ನ ಚಪ್ಪಲಿಯ ಗುರುತಾಗಿ ಇಲ್ಲಿಯ ತನಕ ಬಂದಿತ್ತು.